ಕೆಡಿಸಿದವರಿಗೆ ಚಹಾ ಕೊಡುತ್ತಿದ್ದ ಅಕ್ಕೋರು

ಹೋದ ಸೋಮವಾರ ನನ್ನ ಮೊಮ್ಮಗಳು ನೀಲಾ, ತನಗೆ ಕಲಿಸಿದ ಅಕ್ಕೋರ ಕುರ್ಚಿಯಲ್ಲಿ ಕೂತಳು. ಖುಷಿ ಹೊಟ್ಟೆಯೊಳಗೆ ನಿಲ್ಲಲಿಲ್ಲ. ಶಹಾಪುರದಿಂದ ನಮ್ಮೂರಿಗೆ ಬರುವ ಬಸ್ಸಿನಲ್ಲಿ ಗುರುತಿದ್ದವರಿಗೂ ಹೇಳಿದೆ, ಗುರುತಿಲ್ಲದವರಿಗೂ ಹೇಳಿದೆ. ಕಡೆಗೆ ಕಂಡಕ್ಟರ್, "ಮುತ್ಯಾ, ಮೂರು ಸಲ ಹೇಳ್ದಿ, ತಿಳೀತು. ಇಳಿಯೋದು ಎಲ್ಲಿ, ಅದನ್ನಷ್ಟ ಹೇಳು" ಎಂದ. ನಾನು ಇಳಿಯುವ ಊರು ಆಗಲೇ ಹಿಂದೆ ಹೋಗಿತ್ತು. ಅಷ್ಟು ದೂರ ನಡೆದುಕೊಂಡೇ ಬಂದೆ. ಕಾಲು ನೋಯಲಿಲ್ಲ.

ಮನೆಗೆ ಬಂದವನೇ ಬರೆಯಲು ಕೂತೆ. ನಾನು ಓದಿದ್ದು ಮೂರನೇ ತರಗತಿ. ಕಾಲುವೆಯ ಗೇಟು ಕಾಯುವ ಕೆಲಸದಲ್ಲಿದ್ದಾಗ ವಹಿಯಲ್ಲಿ 'ಇಷ್ಟು ಗಂಟೆಗೆ ತೆರೆದೆ, ಇಷ್ಟು ಗಂಟೆಗೆ ಮುಚ್ಚಿದೆ' ಎಂದು ಬರೆದದ್ದೇ ನನ್ನ ಬರವಣಿಗೆ. ಮೊಮ್ಮಗಳ ಸುದ್ದಿ ಬರೆಯಲು ಕೂತರೆ ಕೈ ಮತ್ತೆ ಮತ್ತೆ ಅಕ್ಕೋರ ಕಡೆಗೇ ಹೋಗುತ್ತದೆ. ಹೋಗಲಿ. ಅವರದ್ದೇ ಬರೆಯುತ್ತೇನೆ. ನಮ್ಮ ಕಡೆ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಎನ್ನುತ್ತೇವೆ. ಅವರು ತೀರಿಕೊಂಡು ವರ್ಷದ ಮೇಲಾಯಿತು.

ಅವರ ಹೆಸರು ಬರೆಯುವುದಿಲ್ಲ. ಅವರೂ ಎಲ್ಲಿಯೂ ಬರೆಸಿರಲಿಲ್ಲ. ಹತ್ತಿ ಕೊಳ್ಳುವ ಅಡತಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ತರಗತಿ. ಕೆಳಗೆ ಗೋಡೆಯ ಮೇಲೆ 'ಕಂಪ್ಯೂಟರ್ ತರಗತಿ, ಮೇಲೆ ಬನ್ನಿ' ಎಂದಷ್ಟೇ ಇತ್ತು. ಬೋರ್ಡು ಬರೆಯುವವನು ಹೆಸರು ಕೇಳಿದಾಗ, "ಹೆಸರು ನೋಡಿ ಬರೋರು ಬ್ಯಾಡಪ್ಪ, ಮೆಟ್ಟಲ ಹತ್ತಿ ಬರೋರು ಸಾಕು" ಎಂದಿದ್ದರಂತೆ. ಮೆಟ್ಟಿಲು ಇಪ್ಪತ್ತಾರು. ಕಡಿದು. ಅವರೇ ಮಂಡಿ ಹಿಡಿದುಕೊಂಡು ಹತ್ತುತ್ತಿದ್ದರು.

ನಾನು ಮೊದಲು ಹೋದದ್ದು ನೀಲಾಳ ಜೊತೆಗೆ. ನನ್ನ ಮಗನಿಗೆ ಮಗಳನ್ನು ಒಬ್ಬಳನ್ನೇ ಬಸ್ಸಿಗೆ ಕಳಿಸಲು ಮನಸ್ಸಿರಲಿಲ್ಲ. ನಾನು ಆಗ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿದ್ದೆ. ದಿನಾ ಅವಳನ್ನು ಕರೆದುಕೊಂಡು ಬಂದು, ಅವಳು ಕಲಿಯುವಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ನಾಲ್ಕನೇ ದಿನ ಅಕ್ಕೋರು ಹೊರಗೆ ಬಂದರು. ತೆಳ್ಳಗೆ, ಉದ್ದಕ್ಕೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಕೈಗೆ ಗಂಡಸರ ಗಡಿಯಾರ.

"ಮುತ್ಯಾರ, ದಿನಾ ಇಲ್ಲಿ ಕೂತು ಏನು ಮಾಡ್ತೀರಿ?"

"ಏನಿಲ್ಲರಿ, ಮೊಮ್ಮಗಳನ್ನ ಕಾಯಾಕತ್ತೀನಿ."

"ಅಕಿ ಓಡಿ ಹೋಗಲ್ಲ. ಒಳಗ ಒಂದು ಮಷೀನ್ ಖಾಲಿ ಅದ. ಅದನ್ನ ಕಾಯ್ರಿ ಬರ್ರಿ."

ನನಗೆ ನಗು ಬಂತು. "ನನಗ ಏನು ತಿಳೀತದ್ರಿ ಅಕ್ಕೋರ?"

"ತಿಳಿದೋರು ನನ್ನ ಹಂತೇಕ ಎಂಟು ಮಂದಿ ಅದಾರ. ತಿಳೀಲಾರದೋರು ಒಬ್ಬರೂ ಇಲ್ಲ" ಎಂದು ಬಾಗಿಲು ಹಿಡಿದು ನಿಂತೇಬಿಟ್ಟರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅವರು ಕಲಿಸುವ ರೀತಿಯೇ ಬೇರೆ. ಹುಡುಗಿಯರು ತಪ್ಪು ಮಾಡುವಾಗ ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡು ಬೆನ್ನ ಹಿಂದೆ ನಿಲ್ಲುತ್ತಿದ್ದರು. ಬಾಯಿ ತೆರೆಯುತ್ತಿರಲಿಲ್ಲ, ಕೈ ಚಾಚುತ್ತಿರಲಿಲ್ಲ. ಒಮ್ಮೆ ಕೇಳಿದೆ, "ಅಕ್ಕೋರ, ನೀವ ಒಂದು ಗುಂಡಿ ಒತ್ತಿದ್ರ ಮುಗೀತಿತ್ತಲ್ಲ?" ಎಂದು. "ಮುಗೀತಿತ್ತು. ಅದಕ್ಕ ಕೈ ಕಟ್ಟಿಕೊಂಡೀನಿ" ಎಂದರು. ಸುರಪುರದವರು. ಮೊದಲು ಅಲ್ಲಿ ಟೈಪಿಂಗ್ ಕಲಿಸುತ್ತಿದ್ದರಂತೆ. ಟೈಪ್ ಮಷೀನ್‌ಗಳ ಕಾಲ ಮುಗಿದ ಮೇಲೆ, ಅರ್ಧ ವಯಸ್ಸು ಕಳೆದ ಮೇಲೆ, ತಾವೇ ಪುಸ್ತಕ ಹಿಡಿದು ಕೂತು ಕಂಪ್ಯೂಟರ್ ಕಲಿತವರು.

ಇನ್ನೊಂದು ಪದ್ಧತಿ ಇತ್ತು. ಕಿಟಕಿಯ ಪಕ್ಕ ಮೊಳೆಗೆ ಒಂದು ವಹಿ ತೂಗುಬಿಟ್ಟಿದ್ದರು. ಅದಕ್ಕೆ ಕೆಡಿಸಿದವರ ವಹಿ ಎಂದು ಹೆಸರು. ಯಾರಾದರೂ ಏನಾದರೂ ಕೆಡಿಸಿದರೆ, ತಾನಾಗಿ ಬಂದು ಹೇಳಿ, ಏನು ಮಾಡಿದೆ ಎಂದು ತನ್ನ ಕೈಯಿಂದಲೇ ಅದರಲ್ಲಿ ಬರೆಯಬೇಕು. ಬರೆದವರಿಗೆ ಅಕ್ಕೋರು ತಾವೇ ಒಲೆ ಹಚ್ಚಿ, ಶುಂಠಿ ಜಜ್ಜಿ ಹಾಕಿ ಚಹಾ ಮಾಡಿ ಕೊಡುತ್ತಿದ್ದರು. ಉಳಿದವರು ನೋಡುತ್ತ ಕೂರಬೇಕು. "ಚಲೋ ಆಗಿದ್ದು ತಾನಾಗೇ ಕಾಣ್ತದ. ಕೆಟ್ಟಿದ್ದನ್ನ ಹೇಳ್ರಿ" ಎನ್ನುವುದು ಅವರ ಮಾತು. ಅಡಗಿಸಿಟ್ಟವರಿಗೆ ಮಾತ್ರ ಕ್ಷಮೆ ಇರಲಿಲ್ಲ.

ಹುಡುಗಿಯರು ಕಲಿಯುತ್ತಿದ್ದದ್ದು ಪ್ರೋಗ್ರಾಂ ಬರೆಯುವುದು. ಕಂಪ್ಯೂಟರಿಗೆ ಮಾಡಬೇಕಾದ ಕೆಲಸವನ್ನು ಸಾಲು ಸಾಲಾಗಿ ಬರೆದು ಹೇಳುವುದು ಎಂದು ನಾನು ತಿಳಿದುಕೊಂಡಿದ್ದೇನೆ. ಅದನ್ನು ಬರೆಯಲು ಒಂದು ಜಾಗ ಬೇಕು. ಆ ಜಾಗ ಎಂಥದು ಎಂದು ಅಕ್ಕೋರು ನನಗೆ ಹೇಳಿಕೊಟ್ಟದ್ದು ಹೀಗೆ:

"ಬಡಿಗ್ಯಾರ ಕೆಲಸದ ಕೋಣಿ ನೋಡೀರಿಲ್ಲ? ಉಳಿ, ಬಾಚಿ, ಗರಗಸ ಎಲ್ಲಾ ಕೈಗೆ ಸಿಗೋಹಂಗ ಇಟ್ಟಿರ್ತಾರ. ಇದು ಪ್ರೋಗ್ರಾಂ ಬರೆಯೋರ ಕೋಣಿ. ಕಟ್ಟಿದೋರು ಗ್ವಾಡಿಗೆ ಖಾಲಿ ಗೂಟ ಬಿಟ್ಟಾರ. ನಿಮಗ ಬೇಕಾದ ಹತಾರ ನೀವ ಮಾಡಿ ಆ ಗೂಟಕ್ಕ ತಗಲಿ ಹಾಕಬಹುದು."

ಅವರ ಹುಡುಗಿಯರು ಅಂಥ ಒಂದು ಹತಾರ ಮಾಡಿ ತಗಲಿ ಹಾಕಿದ್ದರು. ಬರೆಯುವಾಗ ತಪ್ಪಾದರೆ ಆ ಕೋಣೆ ಇಂಗ್ಲಿಷಿನಲ್ಲಿ ಬಯ್ಯುತ್ತಿತ್ತು. ಈ ಹತಾರ ಅದನ್ನು ಕನ್ನಡದಲ್ಲಿ, 'ಐದನೇ ಸಾಲು ನೋಡು, ತೆರೆದದ್ದನ್ನು ಮುಚ್ಚಿಲ್ಲ' ಎಂದು ಹೇಳುತ್ತಿತ್ತು. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯರು ಮೊದಲು ವಾರದೊಳಗೆ ಹೆದರಿ ಬಿಟ್ಟು ಹೋಗುತ್ತಿದ್ದರು. ಇದು ಬಂದ ಮೇಲೆ ನಿಂತರು. ನೀಲಾ ನಿಂತದ್ದೂ ಅದರಿಂದಲೇ.

ಆಮೇಲೆ ಸುದ್ದಿ ಬಂತು. ಕೋಣೆ ಕಟ್ಟಿದವರು ಹಳೆಯದನ್ನು ಬಿಟ್ಟು ಹೊಸದು ಕಟ್ಟುತ್ತಿದ್ದಾರೆ. ಕಾಲೇಜುಗಳೆಲ್ಲ ಹೊಸದಕ್ಕೆ ಹೋಗುತ್ತವೆ. ಹಳೆ ಹತಾರ ಹೊಸ ಗೂಟಕ್ಕೆ ಕೂರುವುದಿಲ್ಲ. ಅಕ್ಕೋರು ದೂರದಲ್ಲಿದ್ದ ಆ ಮಂದಿಗೆ ಕಾಗದ ಬರೆದರು. ಅವರು ಇಂಟರ್ನೆಟ್‌ನಲ್ಲಿ ಕಚ್ಚಾ ಪ್ರತಿ ಕಳಿಸಿದರು. ಊರಿಗೆಲ್ಲ ಬಿಡುಗಡೆ ಮಾಡುವ ಮೊದಲು ಬಳಸಿ ನೋಡಿ, ಎಲ್ಲಿ ಕೆಡುತ್ತದೆ ಹೇಳಿ, ಹದಿನೈದು ದಿನ ಸಮಯ. ಅಷ್ಟರೊಳಗೆ ನಿಮ್ಮ ಕನ್ನಡದ ಹತಾರವನ್ನೂ ಹೊಸದಾಗಿ ಮಾಡಿ ಕಳಿಸಿದರೆ ಬಿಡುಗಡೆಯ ಜೊತೆಗೇ ಸೇರಿಸುತ್ತೇವೆ. ತಡವಾದರೆ ಮುಂದಿನ ವರ್ಷ ಎಂದು ಬರೆದಿದ್ದರು.

"ಮುಂದಿನ ವರ್ಷ ಅಂದ್ರ ಒಂದು ವರ್ಷದ ಹುಡುಗ್ಯಾರು ಮನಿಗೆ ಹೋದಂಗ" ಎಂದರು ಅಕ್ಕೋರು. ಹೊಸ ಹತಾರ ಬರೆಯುವ ಕೆಲಸ ನೀಲಾಳಿಗೆ ಕೊಟ್ಟರು. ನನ್ನ ಎದೆ ಅಲ್ಲಿಯೇ ಒಂದು ಗೇಣು ಹಿಗ್ಗಿತು.

ನಾನು ಹೇಳಿದೆ, "ಅಕ್ಕೋರ, ಇದು ನನಗ ಗೊತ್ತದ. ಕಾಲುವಿಗೆ ಮೊದಲ ನೀರು ಬಿಟ್ಟಂಗ."

"ಹೆಂಗ?"

"ಹೊಸಾ ಕಾಲುವಿ ತುಂಬ ಒಮ್ಮೆಲೆ ಬಿಡಲ್ರಿ. ಮೊಳಕಾಲಮಟ ಬಿಟ್ಟು, ನಾವು ಸಲಿಕಿ ಹಿಡಕೊಂಡು ದಂಡಿ ಮ್ಯಾಲ ನಡೀತಿದ್ವಿ. ಹೊರಮೈಗೆ ಎಲ್ಲೆರ ತ್ಯಾವ ಕಾಣ್ತದೇನು ಅಂತ ನೋಡ್ತಿದ್ವಿ. ನಮ್ಮದು ಎರಿ ಮಣ್ಣು, ಯಾವಾಗ ಬಿರೀತದ ಹೇಳಾಕ ಬರಲ್ಲ."

ಅಕ್ಕೋರು ಕೂಡಲೇ ಹಲಗೆಯ ಮೇಲೆ ದೊಡ್ಡದಾಗಿ ಬರೆದರು: 'ಹೊರಮೈಗೆ ತೇವ ಕಂಡರೆ ಹೇಳಿ.' ಆ ಹದಿನೈದು ದಿನ ಅದನ್ನು ಒರೆಸಲಿಲ್ಲ. "ಮುತ್ಯಾರ, ಇವತ್ತಿಂದ ನೀವೂ ಪರೀಕ್ಷಾ ಮಾಡೋರು" ಎಂದು ಖಾಲಿ ಮಷೀನಿಗೆ ಕಚ್ಚಾ ಪ್ರತಿ ಹಾಕಿ ಕೂರಿಸಿದರು.

ಅವರಿಗೆ ಒಂದು ಮಾತು ನಾನು ಹೇಳಲಿಲ್ಲ. ಆ ಮೊದಲ ನೀರಿನ ದಿನ ನನ್ನ ಪಾಲಿನ ದಂಡೆಯಲ್ಲಿ ಅಂಗೈಯಷ್ಟು ತೇವ ನಾನು ಕಂಡಿದ್ದೆ. ಹೇಳಿದರೆ ಸಾಹೇಬರು ಬೈಯುತ್ತಾರೆ, ಹೊಸ ನೌಕರಿ, ಮಣ್ಣಿನದೇ ತೇವ ಇರಬಹುದು ಎಂದು ದಾಟಿಕೊಂಡು ಹೋದೆ. ಮರುದಿನ ಬೆಳಿಗ್ಗೆ ಅಲ್ಲಿಯೇ ದಂಡೆ ಒಡೆದು ಒಬ್ಬರ ಹತ್ತಿ ಹೊಲ ಪೂರ್ತಿ ಮರಳಿನ ಕೆಳಗೆ ಹೋಯಿತು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಐದು ದಿನ ಚೆನ್ನಾಗಿ ಹೋಯಿತು. ನನ್ನ ಮಷೀನಿಗೆ ಆಗ ಇನ್ನೂ ಯಾವ ಹತಾರವನ್ನೂ ಹಾಕಿರಲಿಲ್ಲ. ಆರನೇ ದಿನ ಮಧ್ಯಾಹ್ನ ಹುಡುಗಿಯರು ಬುತ್ತಿ ಬಿಚ್ಚಲು ಹಿಂದಿನ ಕೋಣೆಗೆ ಹೋಗಿದ್ದರು. ನೀಲಾಳ ಮಷೀನ್ ತೆರೆದೇ ಇತ್ತು, ಅವಳು ಮಾಡುತ್ತಿದ್ದ ಹತಾರವನ್ನೂ ಪರೀಕ್ಷೆಗೆಂದು ಅದಕ್ಕೆ ತಗಲಿ ಹಾಕಿದ್ದಳು. ಮೂರು ದಿನದಿಂದ ಬರೆದದ್ದು ಪರದೆಯ ಮೇಲೆ ಕಾಣುತ್ತಿತ್ತು. ಶಹಾಪುರದ ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೋ, ಹುಡುಗಿ ಉಳಿಸದೆ ಎದ್ದಿದ್ದಾಳೆ ಎಂದುಕೊಂಡು ಹೋಗಿ 'ಉಳಿಸು' ಗುಂಡಿ ಒತ್ತಿದೆ. ಒತ್ತಿ, ಕೂಡಲೇ ಇನ್ನೊಮ್ಮೆ ಒತ್ತಿದೆ.

ಇದು ನನ್ನ ಕೈಗೆ ಅಂಟಿದ ಚಾಳಿ. ಗೇಟು ಕಾಯುವವರು ಗೇಟು ಇಳಿಸಿ ಹಾಗೇ ಹೋಗುವುದಿಲ್ಲ. ಹಿಡಿಕೆಯನ್ನು ಇನ್ನೊಮ್ಮೆ ಒತ್ತಿ ತಿರುವಿ, ಕೂತಿದೆಯೇ ಎಂದು ನೋಡಿಯೇ ಹೋಗಬೇಕು. ಮನೆಯಲ್ಲಿ ಬಾಗಿಲ ಚಿಲಕವನ್ನೂ ನಾನು ಎರಡು ಸಲ ಹಾಕುತ್ತೇನೆ.

ಪರದೆ ಒಮ್ಮೆ ಮಿಣುಕಿತು. ಅಕ್ಷರಗಳೆಲ್ಲ ಹೋದವು. ಬೆಳ್ಳಗಿನ ಹಾಳೆ.

ಅತ್ತಿತ್ತ ನೋಡಿದೆ. ಯಾರೂ ಇರಲಿಲ್ಲ. ನೀರು ಕುಡಿಯಲು ಹೋಗುವವನ ಹಾಗೆ ಎದ್ದು ಮೆಟ್ಟಿಲಿಳಿದು ಹೋದೆ. ಎಪ್ಪತ್ತು ದಾಟಿದ ಮನುಷ್ಯ, ಗಡಿಗೆ ಒಡೆದ ಮಗುವಿನಂತೆ ಅಡತಿಯ ಹತ್ತಿ ಅಂಡಿಗೆಗಳ ಮರೆಯಲ್ಲಿ ನಿಂತಿದ್ದೆ.

ಮೇಲಿನಿಂದ ನೀಲಾ ಚೀರಿದ್ದು ಕೇಳಿಸಿತು. ನಾನು ಹತ್ತಿ ಹೋಗುವಷ್ಟರಲ್ಲಿ ಆ ಮಷೀನಿನ ಮುಂದೆ ಮಹಾದೇವಿ ಎಂಬ ಹುಡುಗಿ ನಿಂತಿದ್ದಳು. ಊಟ ಬೇಗ ಮುಗಿಸಿ ಬಂದು ಅವಳು ಅಲ್ಲಿ ಕೂತಿದ್ದಳಂತೆ. ಹಿಂದೆ ಒಮ್ಮೆ ಅವಳು ಹೊರಗಿನಿಂದ ಪೆನ್‌ಡ್ರೈವ್ ತಂದು ಚುಚ್ಚಿ ಎರಡು ಮಷೀನ್ ಮಲಗಿಸಿದ್ದಳು. ಎಲ್ಲರ ಕಣ್ಣೂ ಅವಳ ಮೇಲೆ.

"ನಾ ಮುಟ್ಟಿಲ್ರಿ ಅಕ್ಕೋರ! ಬಂದಾಗ ಖಾಲಿನೇ ಇತ್ತು. ನೀಲಾನ ಬರಹ ಎಲ್ಲೈತಿ ಅಂತ ನೋಡಾಕತ್ತಿದ್ದೆ."

"ಖಾಲಿ ಇದ್ರ ಕೂಡ್ಲೇ ಯಾಕ ಕರೀಲಿಲ್ಲ?"

"ಈಗ ಕರೀಬೇಕಂದೆ, ಅಷ್ಟರಾಗ..."

"ಮಹಾದೇವಿ, ಕೆಡಿಸಿದ್ದಕ್ಕ ನಾ ಯಾವಾಗರೆ ಬೈದೀನೇನು?"

"ಇಲ್ರಿ."

"ಮತ್ತ?"

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಹೇಳೋತನಕ ಮಷೀನ್ ಮುಟ್ಟಬ್ಯಾಡ. ಬಾ, ಕೂಡು, ಹೋಗು. ಮುಟ್ಟಬ್ಯಾಡ" ಎಂದರು.

ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಬಾಯಿ ತೆರೆಯಲಿಲ್ಲ.

ಮೂರು ದಿನದ ಹಿಂದಿನ ಪ್ರತಿಯೊಂದು ಇತ್ತು. ನೀಲಾ ಅಲ್ಲಿಂದ ಮತ್ತೆ ಬರೆಯಲು ತೊಡಗಿದಳು. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆ ಇಟ್ಟು, "ಮುತ್ಯಾ, ಅಕಿ ಬೇಕಂತ ಮಾಡ್ಯಾಳ. ಈ ಕೆಲಸ ಅಕಿಗೆ ಕೊಡ್ಲಿಲ್ಲಂತ ಹೊಟ್ಟಿಕಿಚ್ಚು" ಎಂದಳು. "ಹಂಗೆಲ್ಲಾ ಅನ್ನಬಾರದವ್ವಾ" ಎಂದೆ. ಅಷ್ಟೇ ಅಂದೆ.

ಮಹಾದೇವಿ ದಿನಾ ಬರುತ್ತಿದ್ದಳು. ಗೋಡೆಗೆ ಹಚ್ಚಿದ ಬೆಂಚಿನ ಮೇಲೆ, ಕೈ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಅವಳ ಎದುರಿಗೇ ಹಲಗೆ: 'ಹೊರಮೈಗೆ ತೇವ ಕಂಡರೆ ಹೇಳಿ.' ನಾನೂ ಮಷೀನಿನಿಂದ ದೂರವಾದೆ. ಕಣ್ಣು ನೋಯುತ್ತಿದೆ ಎಂದು ಸುಳ್ಳು ಹೇಳಿದೆ. ಹುಡುಗಿಯರೆಲ್ಲ ಬಳಸಿದರು, ಎಲ್ಲಿಯೂ ಏನೂ ಕೆಡಲಿಲ್ಲ. ಅವರಾರೂ ಎರಡು ಸಲ ಒತ್ತುವವರಲ್ಲ.

ಹದಿಮೂರನೇ ದಿನ ನನ್ನಿಂದ ತಡೆಯಲಾಗಲಿಲ್ಲ. ಅಷ್ಟರಲ್ಲಿ ನೀಲಾಳ ಹತಾರವನ್ನು ಎಲ್ಲ ಮಷೀನಿಗೂ ತಗಲಿ ಹಾಕಿದ್ದರು. ಎಲ್ಲರೂ ಹಿಂದಿನ ಕೋಣೆಯಲ್ಲಿ ಉಣ್ಣುವಾಗ ನನ್ನ ಹಳೆ ಮಷೀನಿಗೆ ಕೂತು ಒಂದು ಸಾಲು ಬರೆದೆ. ಒಮ್ಮೆ ಉಳಿಸಿದೆ. ನಿಂತಿತು. ಜೀವ ಬಂದಂತಾಯಿತು. ಎರಡು ಸಲ, ಗೇಟಿಗೆ ಮಾಡುವಂತೆ ಒಂದರ ಹಿಂದೆ ಒಂದು, ಒತ್ತಿದೆ. ಹೋಯಿತು.

ಈಗ ಗೊತ್ತಾಯಿತು. ಗೊತ್ತಾದ ಮೇಲೆ ಇನ್ನೂ ಕಷ್ಟವಾಯಿತು. ಹೇಳಿದರೆ ನೀಲಾಳ ಹತಾರದಲ್ಲಿ ದೋಷ ಇದೆ ಎಂದಾಗುತ್ತದೆ. ಉಳಿದದ್ದು ಎರಡು ದಿನ. ತಿದ್ದಲು ಆಗದಿದ್ದರೆ ಅವಳ ಕೆಲಸ ಬಿಡುಗಡೆಗೆ ಸೇರುವುದಿಲ್ಲ. ಹೇಳದಿದ್ದರೆ ಸೇರುತ್ತದೆ. ಆದರೆ ಎಲ್ಲೋ, ನಾನು ಕಾಣದ ಊರಿನಲ್ಲಿ, ಯಾವುದೋ ಹುಡುಗಿ ಬರೆದದ್ದು ಹೀಗೇ ಬೆಳ್ಳಗಾಗುತ್ತದೆ. ಮಹಾದೇವಿ ಬೆಂಚಿನ ಮೇಲೆಯೇ ಉಳಿಯುತ್ತಾಳೆ. ಹದಿನಾಲ್ಕನೇ ದಿನವೂ ಹೇಳಲಿಲ್ಲ. ಬಸ್ಸು ಕಾಲುವೆ ದಾಟುವಾಗ ದಿನಾ ಆ ಕಡೆ ನೋಡುತ್ತಿದ್ದವನು ಆ ದಿನ ನೋಡಲಿಲ್ಲ.

ಹದಿನೈದನೇ ದಿನ ಮೂರು ಗಂಟೆಗೆ ಅಕ್ಕೋರು ಕಳಿಸುವ ಕಾಗದವನ್ನು ಎಲ್ಲರಿಗೂ ಕೇಳುವಂತೆ ಓದಿದರು. ಕಂಡ ಸಣ್ಣಪುಟ್ಟ ಕೊರತೆಗಳು ಇಷ್ಟು. ಕನ್ನಡದ ಹತಾರ ಸಿದ್ಧವಿದೆ. ಬೇರೆ ಯಾವ ತೊಂದರೆಯೂ ಕಂಡಿಲ್ಲ. ಓದಿ, ಕನ್ನಡಕದ ಮೇಲಿನಿಂದ ನೋಡಿದರು. ಅವರು ಯಾವುದನ್ನೇ ಮುಗಿಸುವಾಗ ಮೂರು ಸಲ ಕೇಳುತ್ತಿದ್ದರು.

"ಯಾರಿಗರೆ ಏನರೆ ಹೇಳೋದದ ಏನು?"

ಯಾರೂ ಇಲ್ಲ.

"ಏನರೆ ಹೇಳೋದದ ಏನು?"

ನೀಲಾ ಉಗುರು ಕಚ್ಚುತ್ತಿದ್ದಳು. ಅವಳ ಮುಖ ನೋಡಿದೆ. ನೋಡಬಾರದಿತ್ತು.

"ಕಡೀ ಸಲ ಕೇಳಾಕತ್ತೀನಿ."

ನಾನು ಎದ್ದು ನಿಂತೆ. ಬೆಂಚು ಸದ್ದಾಯಿತು. "ನನ್ನದೊಂದದ್ರಿ ಅಕ್ಕೋರ. ನೀಲಾನ ಬರಹ ಅಳಿಸಿದ್ದು ಮಹಾದೇವಿ ಅಲ್ಲ. ನಾನು."

"ಏನಂದಿ ಮುತ್ಯಾ?" ನೀಲಾ ಎದ್ದಳು. "ಒಂಬತ್ತು ದಿನ ಬಸ್ಸಿನಾಗ ನನ್ನ ಬಾಜೂಕ ಕೂತು ಬಂದಿ. ಒಂದು ಮಾತು ಅನ್ನಲಿಲ್ಲ! ಇವತ್ತ, ಈಗ ಹೇಳ್ತಿ?"

"ನಿನ್ನ ಕೆಲಸ ಹೋಗ್ತದಂತ ಅಂಜಿದೆ ಅವ್ವಿ."

"ಈಗ ಹೋತಲ್ಲ!"

ಅಕ್ಕೋರು ಅವಳನ್ನು ಕೈಯಿಂದ ತಡೆದರು. ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ.

"ಏನು ಒತ್ತಿದ್ರಿ?"

"ಉಳಿಸು."

"ಎಷ್ಟು ಸಲ?"

"ಎರಡು."

"ನಡುವ ಎಷ್ಟು ಹೊತ್ತು ಬಿಟ್ರಿ?"

"ಬಿಡಲಿಲ್ರಿ. ಗೇಟ್ ಅಲುಗಾಡಿಸಿ ನೋಡಿದಂಗ, ಕೂಡ್ಲೇ."

"ಮತ್ತ ಮಾಡ್ರಿ. ಎಲ್ಲಾರೂ ಬರ್ರಿ. ಮಹಾದೇವಿ, ನೀ ಮುಂದ ನಿಂದ್ರು."

ಕೂತೆ. ಅಕ್ಕೋರು ನನ್ನ ಮಗ್ಗುಲಿಗೆ ಬಂದು ಎಂದಿನಂತೆ ಕೈ ಹಿಂದೆ ಕಟ್ಟಿ ನಿಂತಿದ್ದರು. ಓರೆಗಣ್ಣಿಗೆ ಕಂಡಿತು, ಒಂದು ಕೈ ಇನ್ನೊಂದು ಕೈಯ ಮಣಿಕಟ್ಟನ್ನು ಬಿಗಿದು ಹಿಡಿದಿತ್ತು. ಗಡಿಯಾರದ ಪಟ್ಟಿ ಚರ್ಮಕ್ಕೆ ಒತ್ತಿತ್ತು. ಒಂದು ಸಾಲು ಬರೆದೆ. ಎರಡು ಸಲ ಒತ್ತಿದೆ. ಬೆಳ್ಳಗಾಯಿತು.

"ಅಯ್ಯ ಶಿವನೆ" ಎಂದಳು ಯಾರೋ.

ಅಕ್ಕೋರ ಮುಖ ನೋಡಿದೆ. ನಗುತ್ತಿದ್ದರು! "ಮುತ್ಯಾರ, ಇದನ್ನ ಹುಡುಕಾಕ ನಾವು ಹದಿನೈದು ದಿನ ಹೈರಾಣಾದ್ವಿ" ಎಂದವರೇ ಗಡಿಯಾರ ನೋಡಿಕೊಂಡರು. "ಅವರು ತೊಗೊಳ್ಳೋದು ಆರು ಗಂಟಿಗೆ ಮುಚ್ತದ. ಮೂರು ತಾಸು ಅದಾವ. ನೀಲಾ, ಅಳೋದು ಆರರ ಮ್ಯಾಲ. ಈಗ ಕೂಡು."

ನೀಲಾ ಕಣ್ಣೊರೆಸಿಕೊಂಡು ಕೂತಳು. ಬರೆದದ್ದನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು. ಏನೂ ಸಿಗಲಿಲ್ಲ. ನಾಲ್ಕಾಯಿತು. ನಾಲ್ಕೂವರೆಯಾಯಿತು. ಕರೆಂಟು ಒಮ್ಮೆ ಹೋಗಿ ಬಂತು. ಎಲ್ಲರ ಉಸಿರೂ ಅದರ ಜೊತೆ ಹೋಗಿ ಬಂತು.

ಆಗ ಮಹಾದೇವಿ ಮೆಲ್ಲಗೆ ಅಂದಳು, "ಅಕ್ಕೋರ, ನೀಲಾನ ಹತಾರ ತೆಗೆದು ಬ್ಯಾರೇದು ತಗಲಿ ಹಾಕಿ ಒತ್ತಿ ನೋಡ್ಲಿಕ್ಕ ಬರ್ತದೇನ್ರಿ?"

ನೀಲಾ ತಿರುಗಿ ಅವಳನ್ನು ನೋಡಿದಳು. ಒಂಬತ್ತು ದಿನದಲ್ಲಿ ಮೊದಲ ಸಲ. ಕುರ್ಚಿಯ ಅರ್ಧ ಬಿಟ್ಟು ಸರಿದು ಕೂತಳು. "ಬಾ, ನೀನ ಹಾಕು" ಎಂದಳು.

ಮಹಾದೇವಿ ನೀಲಾಳದನ್ನು ತೆಗೆದು, ಬೇರೆ ಯಾರೋ ಮಾಡಿದ ಹತಾರ ಹಾಕಿದಳು. "ಮುತ್ಯಾ, ನಿನ್ನ ಕೈಲೇ ಒತ್ತು" ಎಂದಳು. ಎರಡು ಸಲ ಒತ್ತಿದೆ. ಬೆಳ್ಳಗಾಯಿತು. ಇನ್ನೊಬ್ಬರದು ಹಾಕಿದಳು. ಒತ್ತಿದೆ. ಬೆಳ್ಳಗಾಯಿತು.

"ಗೂಟಕ್ಕ ಹಾಕಿದ್ದು ಕೆಟ್ಟಿಲ್ಲ" ಎಂದರು ಅಕ್ಕೋರು. ಅವರ ದನಿ ಇಳಿದಿತ್ತು. "ಗ್ವಾಡೀನೇ ಸೋರಾಕತ್ತದ."

ದೋಷ ಕಚ್ಚಾ ಪ್ರತಿಯದೇ ಆಗಿತ್ತು. ಆಮೇಲೆ ನೀಲಾ ನನಗೆ ಬಿಡಿಸಿ ಹೇಳಿದಳು. ಗೂಟಕ್ಕೆ ಏನಾದರೂ ತಗಲಿ ಹಾಕಿದ್ದರೆ ಉಳಿಸುವ ಕೆಲಸ ಸ್ವಲ್ಪ ನಿಧಾನವಾಗುತ್ತದೆ. ಮೊದಲನೆಯದು ಮುಗಿಯುವ ಮುಂಚೆ ಎರಡನೆಯದು ಬಂದು ಅದರ ಮೇಲೆ ಬಿದ್ದರೆ ಎರಡೂ ಹೋಗುತ್ತವೆ. ಕಟ್ಟಿದವರ ಹೊಸ ಮಷೀನ್‌ಗಳು ಚುರುಕು. ನಮ್ಮವು ಹಳೆಯವು. ಅದಕ್ಕೇ ಅದು ನಮ್ಮ ಮಾಳಿಗೆಯಲ್ಲಿ, ನನ್ನ ಕೈಗೆ ಸಿಕ್ಕಿತು.

ಅಕ್ಕೋರು ಮೊದಲಿನ ಕಾಗದ ಅಳಿಸಿ ಹೊಸದು ಬರೆದರು. ಯಾವ ಗುಂಡಿ, ಎಷ್ಟು ಸಲ, ಎಂಥ ಮಷೀನ್, ಒಂದೂ ಬಿಡಲಿಲ್ಲ. ಕೊನೆಗೆ ಒಂದು ಸಾಲು ಸೇರಿಸಿ ನನಗೆ ಕನ್ನಡದಲ್ಲಿ ಹೇಳಿದರು: 'ಇದನ್ನು ಕಂಡವರು ಕಾಲುವೆಯ ಗೇಟು ಕಾಯುತ್ತಿದ್ದವರು. ಅವರು ಮುಚ್ಚಿದ್ದನ್ನು ಇನ್ನೊಮ್ಮೆ ನೋಡದೆ ಬಿಡುವವರಲ್ಲ.' ಆರಕ್ಕೆ ಏಳು ನಿಮಿಷ ಇರುವಾಗ ಕಾಗದವೂ ನೀಲಾಳ ಹತಾರವೂ ಹೋದವು.

ಹೋದ ಮೇಲೆ ಅಕ್ಕೋರು ಕೆಡಿಸಿದವರ ವಹಿಯನ್ನು ಮೊಳೆಯಿಂದ ತೆಗೆದು ನನ್ನ ಮುಂದಿಟ್ಟರು. ಬರೆದೆ. ಒಂಬತ್ತು ದಿನ ಅಡಗಿಸಿಟ್ಟೆ ಎಂದೂ ಬರೆದೆ. ಓದಿ, "ಇದಕ್ಕ ಚಾ ಇಲ್ಲ ಮುತ್ಯಾರ" ಎಂದರು.

"ಬ್ಯಾಡ್ರಿ" ಎಂದೆ.

ಆಮೇಲೆ ಅವರು ವಹಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ನನ್ನ ಸಾಲಿನ ಕೆಳಗೇ ಬರೆದರು. ಬರೆದದ್ದನ್ನು ಮಹಾದೇವಿಯ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದರು. ಹುಡುಗಿ ತಡವರಿಸುತ್ತ ಓದಿದಳು: "ಕೇಳದೆ ತೀರ್ಪು ಕೊಟ್ಟೆ. ಒಂಬತ್ತು ದಿನ ಒಂದು ಹುಡುಗಿಯ ಕೈ ಕಟ್ಟಿ ಕೂರಿಸಿದೆ. ಕೆಡಿಸಿದ್ದು ನಾನು."

ಅಕ್ಕೋರು ಬೆಂಚಿನ ಮೇಲೆ, ಮಹಾದೇವಿ ಕೂರುತ್ತಿದ್ದ ಜಾಗದಲ್ಲಿಯೇ, ಕೈ ಮಡಿಲಲ್ಲಿಟ್ಟುಕೊಂಡು ಕೂತರು. "ಇವತ್ತ ಚಾ ನೀ ಮಾಡವ್ವ" ಎಂದರು. "ಕೆಡಿಸಿದಾಕಿ ನಾನು, ಒಪ್ಪಿಕೊಂಡೀನಿ. ನನಗ ಬರಬೇಕದು."

ಮಹಾದೇವಿ ಅಳುತ್ತ ಶುಂಠಿ ಜಜ್ಜಿದಳು. ಅಳುತ್ತಲೇ ನಕ್ಕಳು. "ಅಕ್ಕೋರ, ಸಕ್ಕರಿ ಜಾಸ್ತಿ ಹಾಕ್ಲಾ?" ಎಂದಳು.

"ಹಾಕು. ಇವತ್ತಿಂದು ಕಹಿ ಭಾಳ ಅದ."

ಮೂರನೇ ದಿನ ಉತ್ತರ ಬಂತು. ಅಲ್ಲಿಯೂ ಹಳೆ ಮಷೀನಿನಲ್ಲಿ ಹಾಗೇ ಆಯಿತಂತೆ. ಬಿಡುಗಡೆಯನ್ನು ಮುಂದೂಡಿ, ತಿದ್ದಿ, ಆಮೇಲೆ ಊರಿಗೆಲ್ಲ ಬಿಟ್ಟರು. ಅದು ಬಂದ ದಿನ ಅಕ್ಕೋರು ನನ್ನನ್ನು ಕೂರಿಸಿ ಎರಡು ಸಲ ಒತ್ತಿಸಿದರು. ನಿಂತಿತು. ಮತ್ತೆ ಒತ್ತಿಸಿದರು. ನಿಂತಿತು. ಅದರ ಹತಾರಗಳ ಪಟ್ಟಿಯಲ್ಲಿ ನೀಲಾಳದು ಇತ್ತು. ನಾನು ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತಿದ್ದೆನೋ, "ಮುತ್ಯಾರ, ಗಾಜು ತೂತು ಬೀಳ್ತದ" ಎಂದರು ಅಕ್ಕೋರು.

ಅವರಿಗೆ ಕಾಯಿಲೆ ಇದ್ದದ್ದು ನಮಗೆ ತಿಳಿದದ್ದು ಬಹಳ ತಡವಾಗಿ. ಎಲ್ಲವನ್ನೂ ಹೇಳಿ ಎನ್ನುತ್ತಿದ್ದವರು ಅದೊಂದನ್ನು ಹೇಳಲಿಲ್ಲ. ಆ ಒಂದು ವಿಷಯಕ್ಕೆ ನಾನು ಅವರ ಮೇಲೆ ಇನ್ನೂ ಸಿಟ್ಟಾಗಿದ್ದೇನೆ. ಅವರು ಹೋದ ಮೇಲೆ ಮಾಳಿಗೆಗೆ ಬೀಗ ಬಿತ್ತು. ಮಹಾದೇವಿ ಯಾದಗಿರಿಯಲ್ಲಿ ಇಂಥದ್ದೇ ತರಗತಿ ನಡೆಸುತ್ತಾಳೆ. ನೀಲಾ ಆ ಬೀಗ ತೆಗೆಸಲು ಓಡಾಡಿದಳು. ಹೋದ ಸೋಮವಾರ ತೆಗೆದಳು. ಹನ್ನೊಂದು ಹುಡುಗಿಯರು ಇಪ್ಪತ್ತಾರು ಮೆಟ್ಟಿಲು ಹತ್ತಿ ಬಂದರು. ವಹಿ ಅದೇ ಮೊಳೆಗೆ ತೂಗು ಬಿದ್ದಿತ್ತು.

ಕೂತು ಒಂದು ತಾಸೂ ಆಗಿರಲಿಲ್ಲ. ಮೂಲೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಅಕ್ಕೋರ, ನಾ ಏನೋ ಒತ್ತಿದೆ. ಎಲ್ಲಾ ಕಪ್ಪಾತ್ರಿ."

ನನ್ನ ಮೊಮ್ಮಗಳಿಗೆ ಅಕ್ಕೋರು ಎಂದದ್ದು ಅದೇ ಮೊದಲು. ನೀಲಾ ಕುರ್ಚಿಯಿಂದೆದ್ದು ಆ ಹುಡುಗಿಯ ಹಿಂದೆ ಹೋಗಿ ನಿಂತಳು. ಕೈ ಒಂದು ಸಲ ಮುಂದೆ ಹೋಯಿತು. ನಾನು ನೋಡಿದೆ. ಹೋದ ಕೈಯನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡಳು.

"ಏನು ಒತ್ತಿದಿ, ನೆನಪ ಮಾಡಿಕೊಂಡು ಹೇಳು" ಎಂದಳು. ಬಾಗಿಲ ಕಡೆ ತಿರುಗಿ, "ಮುತ್ಯಾ, ಚಾ ಇಡು" ಎಂದಳು.

ಶುಂಠಿ ಜಜ್ಜಿ ಚಹಾ ಇಟ್ಟೆ. ಕುದ್ದ ಮೇಲೆ ಒಲೆಯ ಗುಂಡಿ ತಿರುವಿ ಆರಿಸಿದೆ. ಲೋಟ ಕೈಗೆತ್ತಿಕೊಂಡು ಎರಡು ಹೆಜ್ಜೆ ಹೋದವನು ತಿರುಗಿ ಬಂದು, ಗುಂಡಿಯನ್ನು ಇನ್ನೊಮ್ಮೆ ತಿರುವಿ ನೋಡಿದೆ.